ಅತ್ತೆಯ ಕಣ್ಣನ್ನು ನಂಬಿ, ಬೆಳ್ಳಿ ನಾಣ್ಯವನ್ನಲ್ಲ

ಪ್ರಶ್ನೆ: ನನ್ನ ತವರು ಕಾರ್ಕಳ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೆ. ಮನೆಯಿಂದಲೇ ಕೆಲಸ ಮಾಡುವ ಅವಕಾಶ ಸಿಕ್ಕಿದ್ದರಿಂದ ಈಗ ಗಂಡನ ಊರಿಗೆ, ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಗೆ ಬಂದಿದ್ದೇವೆ. ಮಳೆಗಾಲ ಬಂತೆಂದರೆ ಅತ್ತೆ ಬೆಟ್ಟ, ತೋಟದ ಅಂಚು ಸುತ್ತಿ ಅಣಬೆ, ತಗಟೆ ಸೊಪ್ಪು, ಕಳಲೆ, ಮರಕೆಸು ತರುತ್ತಿದ್ದವರು. ಈಗ ಮಂಡಿನೋವು, ದೂರ ಹೋಗಲಾಗುವುದಿಲ್ಲ. ಹಾಗಾಗಿ ನಾನೂ ಒಂಬತ್ತು ವರ್ಷದ ಮಗನೂ ಹೋಗತೊಡಗಿದ್ದೇವೆ. ಮೊನ್ನೆ ಮನೆ ಮುಂದಿನ ಹುಲ್ಲಿನಲ್ಲಿ ಅಂಗೈಗಿಂತ ದೊಡ್ಡ ಬಿಳಿ ಅಣಬೆಗಳು ಎದ್ದಿದ್ದವು. ಮೇಲೆ ಕಂದು ಚಕ್ಕೆ, ಕಾಂಡಕ್ಕೊಂದು ಬಳೆ. ಮೊಬೈಲ್ ಆ್ಯಪ್ ‘ತಿನ್ನಬಹುದು’ ಎಂದಿತು. ಅತ್ತೆ ನೋಡಿ, ‘ನಾನು ಇದನ್ನು ತಂದವಳಲ್ಲ. ಬೇಕಿದ್ದರೆ ಬೆಳ್ಳಿ ನಾಣ್ಯ ಹಾಕಿ ಬೇಯಿಸಿ ನೋಡು, ಕಪ್ಪಾಗದಿದ್ದರೆ ಅಡ್ಡಿಯಿಲ್ಲ’ ಎಂದರು. ನಾಣ್ಯ ಕಪ್ಪಾಗಲಿಲ್ಲ. ಆದರೂ ಧೈರ್ಯ ಸಾಲದೆ ಎಸೆದೆ. ಕೀಳದೆ ಬಿಟ್ಟಿದ್ದ ಒಂದರ ಅಡಿಭಾಗ ಎರಡು ದಿನದಲ್ಲಿ ಹಸಿರು ಬೂದಿ ಬಣ್ಣಕ್ಕೆ ತಿರುಗಿತ್ತು. ‘ತಲೆತಲಾಂತರದಿಂದ ತಿಂದಿದ್ದೇವೆ, ನಿನ್ನದು ಪೇಟೆಯವರ ಹೆದರಿಕೆ’ ಎನ್ನುತ್ತಾರೆ ಮನೆಯವರು. ನನ್ನ ಹೆದರಿಕೆ ಅತಿಯಾಯಿತೇ? ಯಾವುದನ್ನು ಧೈರ್ಯವಾಗಿ ತರಬಹುದು? ತವರಿನಲ್ಲಿ ಆಟಿ (ಆಷಾಢ) ಅಮಾವಾಸ್ಯೆಗೆ ಕುಡಿಯುವ ಹಾಲೆಮರದ ತೊಗಟೆಯ ಕಷಾಯವನ್ನು ಇಲ್ಲಿ ನಾನೇ ಮಾಡಬಹುದೇ? ಮಗನನ್ನು ಕರೆದುಕೊಂಡು ಹೋಗುವುದು ಸರಿಯೇ?

ಉತ್ತರ: ಎಸೆದದ್ದು ಒಳ್ಳೆಯದಾಯಿತು. ನೀವು ಬರೆದ ಲಕ್ಷಣಗಳನ್ನೆಲ್ಲ ಜೋಡಿಸಿದರೆ ಅದು ಕ್ಲೋರೋಫಿಲಮ್ ಮಾಲಿಬ್ಡೈಟಿಸ್ ಎಂಬ ಅಣಬೆ ಇರುವ ಸಾಧ್ಯತೆಯೇ ಹೆಚ್ಚು. ಮಳೆ ಬಿದ್ದ ಮೇಲೆ ಹುಲ್ಲುಹಾಸು, ಶಾಲೆಯ ಮೈದಾನ, ಹಿತ್ತಿಲುಗಳಲ್ಲಿ ಏಳುತ್ತದೆ. ನೋಡಲು ಚೆಂದ, ಮಾಂಸಲ, ಬಾಯಲ್ಲಿ ನೀರೂರಿಸುವಂಥದ್ದು. ಎಳೆಯದಾಗಿದ್ದಾಗ ಕೊಡೆಯ ಅಡಿಯ ಪದರಗಳು ಅಚ್ಚ ಬಿಳಿ. ಬಲಿತ ಹಾಗೆ ಬೀಜಕಣಗಳಿಂದಾಗಿ ಹಸಿರಿಗೆ ತಿರುಗುತ್ತವೆ. ನೀವು ಕಂಡದ್ದು ಅದನ್ನೇ. ತಿಂದಿದ್ದರೆ ಒಂದರಿಂದ ಮೂರು ಗಂಟೆಯೊಳಗೆ ಹೊಟ್ಟೆ ಹಿಂಡಿಕೊಂಡು ವಾಂತಿ, ಭೇದಿ ಶುರುವಾಗುತ್ತಿತ್ತು. ದೊಡ್ಡವರು ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತಾರೆ. ಆದರೆ ಒಂಬತ್ತು ವರ್ಷದ ಮಗುವಿನ ಮೈಯಿಂದ ಅಷ್ಟು ನೀರು ಹೋದರೆ ಅದು ಸಣ್ಣ ಮಾತಲ್ಲ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಅತ್ತೆಯ ಮೊದಲ ಮಾತು: ‘ನಾನು ಇದನ್ನು ತಂದವಳಲ್ಲ.’ ಅವರ ಬದುಕಿನ ಅನುಭವವೆಲ್ಲ ಆ ಮಾತಿನಲ್ಲಿದೆ. ಮಾತು ಅಲ್ಲಿಗೇ ಮುಗಿಯಬೇಕಿತ್ತು. ನಾಣ್ಯದ ಮಾತು ಅವರ ಅನುಭವದ್ದಲ್ಲ, ಯಾರೋ ಹೇಳಿ ಕೇಳಿದ್ದು. ಇಷ್ಟು ವರ್ಷ ಅವರು ಮನೆಯವರಿಗೆ ಅಪಾಯವಾಗದಂತೆ ಅಣಬೆ ಬಡಿಸಿದ್ದು ನಾಣ್ಯದಿಂದಲ್ಲ. ಯಾವ ಹುತ್ತದ ಬಳಿ, ಯಾವ ಮಳೆಗೆ, ಯಾವ ಅಣಬೆ ಏಳುತ್ತದೆ ಎಂಬ ಗುರುತಿನಿಂದ. ಮಲೆನಾಡಿನ ಅಣಬೆಗಳ ಮೇಲೆ ಕೆಲಸ ಮಾಡುತ್ತ, ಆಸ್ಪತ್ರೆಗಳಿಂದ ‘ಇದೇನು ನೋಡಿ ಹೇಳಿ’ ಎಂದು ಬಂದ ಉಳಿಕೆಗಳನ್ನು ನೋಡುತ್ತ ನನಗೆ ಖಚಿತವಾಗಿರುವುದು ಇದು: ಗುರುತು ಬಲ್ಲವರು ಗುರುತನ್ನಷ್ಟೇ ನೆಚ್ಚಿಕೊಂಡಾಗ ಅನಾಹುತ ತೀರಾ ಅಪರೂಪ. ಗುರುತಿಲ್ಲದ ಕಡೆ ಪರೀಕ್ಷೆ ಮಾಡಿ ತಿನ್ನಲು ಹೋದಾಗಲೇ ಆಗುವುದು.

ಆ ಪರೀಕ್ಷೆಗಳನ್ನು ಒಮ್ಮೆ ನೋಡಿಬಿಡೋಣ. ಬೆಳ್ಳಿ ಕಪ್ಪಾಗುವುದು ಗಂಧಕದ ಅಂಶ ತಾಗಿದಾಗ; ಬೇಯಿಸಿದ ಮೊಟ್ಟೆ ತಾಗಿದರೂ ಕಪ್ಪಾಗುತ್ತದೆ, ಮೊಟ್ಟೆ ವಿಷವಲ್ಲ. ಜೀವ ತೆಗೆಯುವ ಅಣಬೆಗಳ ಜೊತೆ ಬೆಂದರೂ ಬೆಳ್ಳಿ ಬೆಳ್ಳಗೇ ಉಳಿಯಬಹುದು. ಅರಿಸಿನ ಕೆಂಪಾಗುವುದು ಸುಣ್ಣದಂಥ ಕ್ಷಾರಕ್ಕೆ, ವಿಷಕ್ಕಲ್ಲ. ಬೆಳ್ಳುಳ್ಳಿಯ, ಅಕ್ಕಿಯ ಬಣ್ಣ ನೋಡುವುದಕ್ಕೂ ಇಷ್ಟೇ ಬೆಲೆ. ಹುಳ ತಿಂದಿದೆ, ಬಸವನಹುಳು ಕಚ್ಚಿದೆ, ದನ ಮೇಯ್ದಿದೆ ಎಂಬುದೂ ಆಧಾರವಲ್ಲ. ನಮಗೆ ಮಾರಕವಾದ ಅಣಬೆಯನ್ನು ಬಸವನಹುಳು ಆರಾಮವಾಗಿ ತಿಂದುಕೊಂಡಿರುತ್ತದೆ. ಬಣ್ಣಬಣ್ಣದ್ದು ವಿಷ, ಬಿಳಿಯದು ಸಾಧು ಎಂಬ ಮಾತಂತೂ ತಲೆಕೆಳಗು. ಅತಿ ಅಪಾಯದ ಕೆಲವು ಅಣಬೆಗಳು ಹಾಲಿನಷ್ಟು ಬಿಳಿ. ಮರದ ಮೇಲೆ ಎದ್ದದ್ದೆಲ್ಲ ತಿನ್ನಬಹುದೆಂಬುದೂ ನಿಜವಲ್ಲ. ಕಹಿಯಿದ್ದರೆ ಉಗುಳಬಹುದಲ್ಲ ಎಂದರೆ, ಬದುಕಿ ಬಂದವರಲ್ಲಿ ಎಷ್ಟೋ ಜನ ‘ರುಚಿ ಚೆನ್ನಾಗಿಯೇ ಇತ್ತು’ ಎಂದಿದ್ದಾರೆ.

ಈ ನಂಬಿಕೆಗಳು ಯಾಕೆ ಇಷ್ಟು ಗಟ್ಟಿಯಾಗಿ ಉಳಿದಿವೆ ಎಂದು ಯೋಚಿಸಿದ್ದೇನೆ. ನಮ್ಮ ಅಡುಗೆಮನೆಗೆ ವಿಷ ತೆಗೆಯುವ ವಿದ್ಯೆ ನಿಜವಾಗಿಯೂ ಗೊತ್ತು. ಕಳಲೆಯನ್ನೇ ನೋಡಿ. ಎಳೆ ಬಿದಿರಿನಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿದೆ. ಸಿಪ್ಪೆ ಸುಲಿದು, ತೆಳ್ಳಗೆ ಹೆಚ್ಚಿ, ದಿನವೂ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ, ಆಮೇಲೆ ಬೇಯಿಸಿ ಆ ನೀರನ್ನೂ ಚೆಲ್ಲಿದರೆ ಅದು ಹೊರಟುಹೋಗುತ್ತದೆ. ಇದರಲ್ಲಿ ಒಂದು ಹೆಜ್ಜೆಯನ್ನೂ ಅವಸರಕ್ಕೆ ಬಿಡಬಾರದು; ನೆನೆಸಿದ ನೀರನ್ನು ದನದ ಬಾನಿಗೂ ಹಾಕಬಾರದು. ಕೆಸುವಿನ ತುರಿಕೆಗೆ ಕಾರಣ ಅದರೊಳಗಿನ ಆಕ್ಸಲೇಟಿನ ಸೂಜಿಯಂಥ ಹರಳುಗಳು. ಅದಕ್ಕೇ ಹುಣಸೆ, ವಾಟೆಹುಳಿ, ಅಮಟೆ ಹಾಕಿ ಚೆನ್ನಾಗಿ ಬೇಯಿಸುವುದು. ಪತ್ರೊಡೆಯ ಹಿಟ್ಟಿಗೆ ಅಷ್ಟು ಹುಳಿ ಬೀಳುವುದು ರುಚಿಗೊಂದೇ ಅಲ್ಲ. ಹೀಗೆ ನೆನೆಸಿ, ಹುಳಿ ಹಾಕಿ, ಬೇಯಿಸಿ ಪಳಗಿಸಿದ ಕೈ ಅಣಬೆಯನ್ನೂ ಹಾಗೆಯೇ ಪಳಗಿಸಬಹುದೆಂದು ನಂಬಿತು. ಅಲ್ಲಿ ಮಾತ್ರ ಆ ಲೆಕ್ಕ ನಡೆಯುವುದಿಲ್ಲ. ಅಮಾಟಾಕ್ಸಿನ್ ಎಂಬ ಅಣಬೆ ವಿಷ ಕುದಿಸಿದರೂ, ಹುರಿದರೂ, ಒಣಗಿಸಿದರೂ, ಫ್ರಿಜ್ಜಿನಲ್ಲಿಟ್ಟರೂ ಹಾಗೇ ಉಳಿಯುತ್ತದೆ.

ಈ ವಿಷದ ನಡೆಯನ್ನು ನೀವು ತಿಳಿದಿರಲೇಬೇಕು. ತಿಂದ ಆರು ಗಂಟೆಯವರೆಗೆ, ಕೆಲವೊಮ್ಮೆ ಅದರ ದುಪ್ಪಟ್ಟು ಹೊತ್ತಿನವರೆಗೆ ಏನೂ ಆಗುವುದಿಲ್ಲ. ರಾತ್ರಿ ಊಟ ಮಾಡಿದವರಿಗೆ ಬೆಳಗಿನ ಜಾವ ವಾಂತಿ, ನೀರಿನಂಥ ಭೇದಿ ಶುರುವಾಗುತ್ತದೆ. ಒಂದು ದಿನ ಕಷ್ಟಪಟ್ಟು ಎರಡನೆಯ ದಿನಕ್ಕೆ ನಿಲ್ಲುತ್ತದೆ. ‘ಅಜೀರ್ಣವಾಗಿತ್ತು, ಹೋಯಿತು’ ಎಂದು ಮನೆಯವರು ಸಮಾಧಾನಪಟ್ಟುಕೊಳ್ಳುವುದು ಈಗಲೇ. ಅಷ್ಟು ಹೊತ್ತೂ ಅದು ಪಿತ್ತಜನಕಾಂಗವನ್ನು ತಿನ್ನುತ್ತಿರುತ್ತದೆ. ಮೂರರಿಂದ ಐದನೆಯ ದಿನಕ್ಕೆ ಕಣ್ಣು ಹಳದಿಯಾಗಿ, ಪ್ರಜ್ಞೆ ಮಸುಕಾಗಿ ಆಸ್ಪತ್ರೆಗೆ ಬರುವಾಗ ವೈದ್ಯರ ಕೈಯಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನಲ್ಲಿ ಕಾಡಣಬೆ ತಿಂದು 13 ಮಂದಿ ತೀರಿಕೊಂಡರು, ಹೆಚ್ಚಿನವರು ಚಹಾ ತೋಟಗಳ ಕುಟುಂಬದವರು. ಅಣಬೆ ಅಲ್ಲಿಯೂ ಮನೆಮನೆಯ ಅಡುಗೆಯೇ. ತಲೆತಲಾಂತರದಿಂದ ತಿಂದಿದ್ದೇವೆ ಎಂಬ ಮಾತು ತಿಂದ ಅಣಬೆಗೆ ಸಲ್ಲುತ್ತದೆ, ಪಕ್ಕದಲ್ಲಿ ಎದ್ದ ಇನ್ನೊಂದಕ್ಕಲ್ಲ.

ಈಗ, ಏನನ್ನು ತರಬಹುದು? ಅಣಬೆಯಲ್ಲಿ ಒಂದೇ ಒಂದನ್ನು ಕಲಿಯಿರಿ: ಹುತ್ತದ ಅಣಬೆ. ಗೆದ್ದಲುಗಳು ಹುತ್ತದೊಳಗೆ ಅಗಿದ ಸೊಪ್ಪುಸದೆಯ ಮೇಲೆ ಶಿಲೀಂಧ್ರ ಬೆಳೆಸುತ್ತವೆ. ಮಳೆ ಹಿಡಿದ ಮೇಲೆ ಅಲ್ಲಿಂದ ನೆಲ ಸೀಳಿಕೊಂಡು ಮೇಲೆ ಬರುವುದೇ ಈ ಅಣಬೆ. ಗೆದ್ದಲಿಲ್ಲದೆ ಇದನ್ನು ಬೆಳೆಯಲು ಆಗುವುದಿಲ್ಲವಾದ್ದರಿಂದ ಇದು ಕಾಡಿನಿಂದಲೇ ಬರಬೇಕು. ಒಂದೇ ಜಾಗದಲ್ಲಿ ವರ್ಷ ವರ್ಷವೂ ಏಳುವುದರಿಂದ ಒಂದೊಂದು ಮನೆಯವರಿಗೂ ತಮ್ಮದೇ ಜಾಗಗಳಿರುತ್ತವೆ. ನಿಮ್ಮ ಅತ್ತೆಗೂ ಇರುತ್ತವೆ, ಕೇಳಿ ಬರೆದಿಟ್ಟುಕೊಳ್ಳಿ.

ಇದನ್ನು ಕಿತ್ತು ತರಬೇಡಿ, ಮೊದಮೊದಲು ಒಂದನ್ನಾದರೂ ಅಗೆದು ತನ್ನಿ. ಚಾಕುವಿನಿಂದ ಕಾಂಡದ ಸುತ್ತ ಮಣ್ಣು ಬಿಡಿಸುತ್ತ ಹೋದರೆ ಕಾಂಡ ನೆಲದ ಮಟ್ಟಕ್ಕೆ ನಿಲ್ಲುವುದಿಲ್ಲ. ಬೇರಿನ ಹಾಗೆ ಸಣ್ಣಗಾಗುತ್ತ ಗೇಣುದ್ದ, ಕೆಲವೊಮ್ಮೆ ಇನ್ನೂ ಆಳಕ್ಕೆ, ಗೆದ್ದಲಿನ ಗೂಡಿನವರೆಗೆ ಇಳಿದಿರುತ್ತದೆ. ಕೊಡೆಯ ನಡುವೆ ಗಟ್ಟಿ ಮೊನೆಯಿರುತ್ತದೆ, ಮಣ್ಣು ಸೀಳುವುದು ಅದೇ. ಅಡಿಯ ಪದರಗಳು ಬಿಳಿ, ಬಲಿತಾಗ ತುಸು ನಸುಗೆಂಪು. ಇದಕ್ಕೆ ಎದುರಾಗಿ ಅಮನಿಟ ಜಾತಿಯ ವಿಷದ ಅಣಬೆಯನ್ನು ಅಗೆದರೆ ಬುಡ ಗೆಡ್ಡೆಯಂತೆ ಉಬ್ಬಿ, ಹರಿದ ಮೊಟ್ಟೆಯ ಚಿಪ್ಪಿನಂಥ ಬಿಳಿ ಚೀಲದೊಳಗೆ ಕೂತಿರುತ್ತದೆ. ನೆಲದ ಮಟ್ಟಕ್ಕೆ ಮುರಿದು ತಂದರೆ ಆ ಬೇರೂ ಕಾಣುವುದಿಲ್ಲ, ಈ ಚೀಲವೂ ಕಾಣುವುದಿಲ್ಲ, ಎರಡೂ ಬಿಳಿ ಕೊಡೆಗಳೇ. ಆ್ಯಪ್ ಸೋಲುವುದೂ ಇಲ್ಲೇ. ಮೇಲಿನಿಂದ ತೆಗೆದ ಫೋಟೋದಲ್ಲಿ ಬುಡವಿಲ್ಲ, ವಾಸನೆಯಿಲ್ಲ, ಬೀಜಕಣದ ಬಣ್ಣವಿಲ್ಲ. ಹೆಸರು ಹುಡುಕುವ ಕುತೂಹಲಕ್ಕೆ ಬಳಸಿ, ಒಲೆಯ ಮೇಲಿಡುವ ತೀರ್ಮಾನಕ್ಕೆ ಬೇಡ. ಕಾಂಡದ ಬಳೆಯೊಂದನ್ನೇ ನೋಡಿ ತೀರ್ಮಾನಿಸಲೂಬೇಡಿ, ಹುತ್ತದ ಅಣಬೆಗಳಲ್ಲೂ ಕೆಲವಕ್ಕೆ ಬಳೆ ಇರುತ್ತದೆ.

ಬೀಜಕಣದ ಬಣ್ಣ ನೋಡುವುದು ಮನೆಯಲ್ಲೇ ಆಗುವ ಕೆಲಸ. ಕೊಡೆಯನ್ನು ಕಾಂಡದಿಂದ ಬಿಡಿಸಿ, ಅರ್ಧ ಬಿಳಿ ಅರ್ಧ ಕಪ್ಪು ಕಾಗದದ ಮೇಲೆ ಕವುಚಿ, ಬಟ್ಟಲು ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಕಾಗದದ ಮೇಲೆ ಪುಡಿಯ ಅಚ್ಚು ಬಿದ್ದಿರುತ್ತದೆ. ನಿಮ್ಮ ಹುಲ್ಲಿನ ಅಣಬೆಯದ್ದು ಹಸಿರು ಬೀಳುತ್ತಿತ್ತು. ಮಗನಿಗೆ ಇದು ತುಂಬ ಹಿಡಿಸುತ್ತದೆ, ಮಾಡಿಸಿ. ಆದರೆ ಇದು ಗುರುತಿನ ಒಂದು ಭಾಗ ಮಾತ್ರ. ಅಚ್ಚು ಹಸಿರಲ್ಲ, ಹಾಗಾದರೆ ತಿನ್ನಬಹುದು ಎಂಬ ಅರ್ಥ ಬೇಡ.

ಕಾರ್ಕಳದವರಾದ್ದರಿಂದ ಕಲ್ಲಣಬೆಯ ಆಸೆ ಇದ್ದೇ ಇರುತ್ತದೆ. ಮೊದಲ ಮಳೆಗಳಿಗೆ ನೆಲದಡಿ ಗೋಲಿಯಂತೆ ಸಿಗುವ ಅದನ್ನು ಪ್ರತಿಯೊಂದನ್ನೂ ಮೇಲಿನಿಂದ ಕೆಳಕ್ಕೆ ನಡುವೆ ಸೀಳಿ ನೋಡಬೇಕು. ಒಳಗೆಲ್ಲ ಒಂದೇ ಸಮ ಬಿಳಿ, ಹೊರಗೆ ಗಟ್ಟಿ ಸಿಪ್ಪೆ ಇದ್ದರೆ ಸರಿ. ಒಳಗೆ ನೇರಳೆಗಪ್ಪು ತಿರುಗಿದ್ದರೆ ಬಲಿತದ್ದು, ಇಲ್ಲವೇ ಅದನ್ನೇ ಹೋಲುವ ವಿಷದ ಗುಂಡಣಬೆ, ಎರಡೂ ಬೇಡ. ಸೀಳಿದಾಗ ಒಳಗೆ ಪುಟ್ಟ ಕೊಡೆ, ಕಾಂಡದ ಗೆರೆ ಮೂಡಿದ್ದರೆ ಅದು ಇನ್ನೂ ಅರಳದ ಅಮನಿಟ. ಅಂಥದ್ದೊಂದು ಸಿಕ್ಕರೂ ಬುಟ್ಟಿಯನ್ನೆಲ್ಲ ಮತ್ತೆ ನೋಡಬೇಕು. ಮಾರುವವರಿಂದ ಕೊಂಡರೂ ಸೀಳುವುದನ್ನು ಬಿಡಬೇಡಿ.

ಅಂಗಳದಲ್ಲಿ ನೂರಾರಾಗಿ ಹರಡಿ ಏಳುವ ಪುಟ್ಟ ಬಿಳಿ ಅಣಬೆಗಳನ್ನು ಹಿರಿಯರು ಗುರುತಿಸಿ ತಿನ್ನುತ್ತಾರೆ. ನೀವು ಸದ್ಯಕ್ಕೆ ಬಿಡಿ. ಅಷ್ಟು ಚಿಕ್ಕ ಅಣಬೆಗಳಲ್ಲಿ ಅಮಾಟಾಕ್ಸಿನ್ ಇರುವ ಜಾತಿಗಳೂ ಇವೆ, ಒಂದು ಹಿಡಿಯಲ್ಲಿ ಎರಡು ಬೆರೆತರೂ ತಿಳಿಯುವುದಿಲ್ಲ.

ಸೊಪ್ಪಿನ ವಿಷಯಕ್ಕೆ ಬಂದರೆ ಅಪಾಯ ಕಡಿಮೆ, ಆದರೆ ಇಲ್ಲವೆಂದಲ್ಲ. ತಗಟೆಯನ್ನೇ ತೆಗೆದುಕೊಳ್ಳಿ, ನಿಮ್ಮ ತವರಿನವರು ತಜಂಕ್ ಎನ್ನುವುದು. ಅದರ ಪಕ್ಕದಲ್ಲೇ, ಅದೇ ರಸ್ತೆಬದಿಯಲ್ಲಿ, ಅದೇ ಹಳದಿ ಹೂ ಬಿಡುವ ಇನ್ನೊಂದು ಗಿಡ ಬೆಳೆಯುತ್ತದೆ, ಕೆಲವು ಕಡೆ ದೊಡ್ಡ ತಗಚೆ ಎನ್ನುತ್ತಾರೆ. ನಾವು ತಿನ್ನುವ ತಗಟೆಯ ಒಂದು ಎಲೆಗರಿಯಲ್ಲಿ ಮೂರು ಜೊತೆ ಎಲೆ, ತುದಿ ದುಂಡಗೆ. ಕಾಯಿ ಸಣ್ಣಗೆ ಉದ್ದಕ್ಕೆ ಕುಡುಗೋಲಿನಂತೆ ಬಾಗಿರುತ್ತದೆ. ದೊಡ್ಡ ತಗಚೆಯಲ್ಲಿ ನಾಲ್ಕೈದು ಜೊತೆ, ತುದಿ ಚೂಪು. ಉಜ್ಜಿದರೆ ಕೆಟ್ಟ ವಾಸನೆ. ಕಾಯಿ ಚಪ್ಪಟೆ, ಅಂಚು ತಿಳಿಬಣ್ಣ. ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, ಉತ್ತರ ಪ್ರದೇಶದ ಪಶ್ಚಿಮ ಭಾಗದಲ್ಲಿ ಮಕ್ಕಳ ಜೀವ ತೆಗೆಯುತ್ತಿದ್ದ ಒಂದು ಕಾಯಿಲೆಯನ್ನು ಬಹಳ ಕಾಲ ಮಿದುಳು ಜ್ವರವೆಂದೇ ತಿಳಿಯಲಾಗಿತ್ತು. ಮಕ್ಕಳು ಆಟವಾಡುತ್ತ ಈ ದೊಡ್ಡ ತಗಚೆಯ ಬೀಜ ತಿಂದದ್ದೇ ಕಾರಣವೆಂದು 2007ರ ಹೊತ್ತಿಗೆ ಅಲ್ಲಿನ ವೈದ್ಯರು ತೋರಿಸಿದರು. ಎಲೆಯ ಜೊತೆ ಎಣಿಸುವುದನ್ನು ಮಗನಿಗೆ ಈಗಲೇ ಕಲಿಸಿ.

ಒಂದೆಲಗ, ಹೊನಗನ್ನೆ, ಎಲವರಿಗೆ ಕುಡಿ, ಮರಕೆಸು, ಇವುಗಳನ್ನು ಅತ್ತೆ ತೋರಿಸಿಕೊಟ್ಟ ಮೇಲೆ ಧೈರ್ಯವಾಗಿ ತನ್ನಿ. ಗಣಿಕೆ ಸೊಪ್ಪೂ ಆದೀತು, ಅದರ ಹಸಿರು ಕಾಯಿ ಮಾತ್ರ ಬೇಡ. ಮೂತ್ರಪಿಂಡದಲ್ಲಿ ಕಲ್ಲಾದವರು ಮನೆಯಲ್ಲಿದ್ದರೆ ಕೆಸುವನ್ನು ಮಿತವಾಗಿ ಬಡಿಸಿ. ಆದರೆ ಸೊಪ್ಪಿನಲ್ಲಿ ನನಗೆ ಗಿಡದ ವಿಷಕ್ಕಿಂತ ಹೆಚ್ಚು ಭಯ ನಾವೇ ಹೊಡೆದ ವಿಷದ್ದು. ಅಡಿಕೆಗೆ ಕೊಳೆ ಬರದಂತೆ ಮಳೆಗಾಲದ ಮೊದಲು ಹಾಗೂ ನಡುವೆ ಬೋರ್ಡೊ ದ್ರಾವಣ ಹೊಡೆದಾಗ ಮೈಲುತುತ್ತ ಅಡಿಕೆ ಗೊನೆಯಿಂದ ತೊಟ್ಟಿಕ್ಕಿ ಕೆಳಗಿನ ಸೊಪ್ಪಿನ ಮೇಲೆ ಬೀಳುತ್ತದೆ. ಅದರ ನೀಲಿ ಕಲೆಯಾದರೂ ಕಣ್ಣಿಗೆ ಬೀಳುತ್ತದೆ. ಕಳೆನಾಶಕ ಹಾಗಲ್ಲ. ಹೊಡೆದು ನಾಲ್ಕೈದು ದಿನವಾದರೂ ಗಿಡ ಹಸಿರಾಗಿ, ತಾಜಾ ಆಗಿಯೇ ನಿಂತಿರುತ್ತದೆ, ಹಳದಿಯಾಗುವುದು ಆಮೇಲೆ. ಪಕ್ಕದ ತೋಟದ ಅಂಚಿನಿಂದ ಕೊಯ್ಯುವ ಮುನ್ನ ಆ ತೋಟದವರನ್ನು ಒಂದು ಮಾತು ಕೇಳಲೇಬೇಕು. ಹೆದ್ದಾರಿ ಬದಿಯದ್ದು, ಚರಂಡಿ ನೀರು ಹರಿಯುವ ಕಡೆಯದ್ದು ಬೇಡವೇ ಬೇಡ.

ಗೆಡ್ಡೆಗಳನ್ನು ನೀವು ಅಗೆಯಬೇಡಿ. ಜೋಯಿಡಾದ ಕುಣಬಿಗಳು, ಮೈಸೂರು ಕಡೆಯ ಜೇನುಕುರುಬರು, ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕಾಡುಗೆಣಸಿನ ಒಂದೊಂದು ಬಳ್ಳಿಯನ್ನೂ ಬಲ್ಲವರು. ಜೋಯಿಡಾದಲ್ಲಿ ಗೆಡ್ಡೆಗೆಣಸಿನ ಮೇಳವೇ ನಡೆಯುತ್ತದೆ, ಅಲ್ಲಿ ಕೊಳ್ಳಿ. ಕಾಡುಗೆಣಸುಗಳಲ್ಲಿ ದಿನಗಟ್ಟಲೆ ತೊಳೆಯದಿದ್ದರೆ ನರಗಳಿಗೆ ಹೊಡೆಯುವ ಜಾತಿಗಳಿವೆ. ನಿಮ್ಮ ಬೇಲಿಯಲ್ಲಿ ಗೌರಿ ಹಬ್ಬದ ಹೊತ್ತಿಗೆ ಕೆಂಪು ಹಳದಿ ಬೆಂಕಿಯಂತೆ ಅರಳುವ ಗೌರಿಹೂವಿನ ಬುಡದಲ್ಲೂ ನೇಗಿಲಾಕಾರದ ಗೆಡ್ಡೆ ಇರುತ್ತದೆ. ಅದರಲ್ಲಿರುವುದು ಕಾಲ್ಚಿಸಿನ್ ಎಂಬ ವಿಷ, ಗೆಣಸೆಂದು ತಿಂದು ಸತ್ತವರಿದ್ದಾರೆ.

ಆಟಿ ಕಷಾಯ ನೀವೇ ಮಾಡಬೇಡಿ. ಕತ್ತಲಿರುವಾಗಲೇ ಹೋಗಿ, ಕಬ್ಬಿಣ ತಾಗಿಸದೆ, ಕಲ್ಲಿನಿಂದ ಜಜ್ಜಿ ಹಾಲೆಮರದ ತೊಗಟೆ ತರುವುದು ಪದ್ಧತಿ. ಆ ಕತ್ತಲಲ್ಲಿ ಹಾಲೆಯ ಬದಲು ಕಾಸರಕದ ತೊಗಟೆ ಬಂದು ಅನಾಹುತಗಳಾಗಿವೆ. ಕಾಸರಕದಲ್ಲಿ ಸ್ಟ್ರಿಕ್ನಿನ್ ಇದೆ, ಅರ್ಧ ಗಂಟೆಯೊಳಗೇ ಮೈ ಸೆಟೆದು ಸೆಳೆತ ಬರಬಹುದು. ತಿಳಿದವರು ಹಿಂದಿನ ದಿನ ಬೆಳಕಿರುವಾಗಲೇ ಮರ ನೋಡಿ, ಗುರುತಿಗೆ ನೂಲು ಕಟ್ಟಿ ಬರುತ್ತಾರೆ. ಹಾಲೆಗೆ ಕೆತ್ತಿದಲ್ಲಿ ಹಾಲು ಸುರಿಯುತ್ತದೆ. ಎಲೆಗಳು ಒಂದೇ ಗೆಣ್ಣಿನ ಸುತ್ತ ನಾಲ್ಕರಿಂದ ಏಳರಂತೆ ಚಕ್ರವಾಗಿ ಕೂತಿರುತ್ತವೆ. ಕಾಸರಕಕ್ಕೆ ಹಾಲಿಲ್ಲ, ಎಲೆ ಎದುರುಬದುರು ಎರಡೆರಡು, ಬುಡದಿಂದಲೇ ಮೂರರಿಂದ ಐದು ನರ ಹೊರಟಿರುತ್ತವೆ, ಹಣ್ಣು ಕಿತ್ತಳೆ ಬಣ್ಣದ ಗುಂಡು. ಇಷ್ಟು ತಿಳಿದಿದ್ದರೂ ಆ ದಿನ ತವರಿಗೆ ಹೋಗಿ ಹಿರಿಯರ ಕೈಯಿಂದ ಕುಡಿಯುವುದು ನನಗೆ ಸರಿಯೆನಿಸುತ್ತದೆ.

ಕಾನೂನಿನ ಒಂದು ಮಾತು. ಆಗುಂಬೆಯ ಆಸುಪಾಸಿನ ಸೋಮೇಶ್ವರ ಅಭಯಾರಣ್ಯ, ಕುದುರೆಮುಖ ರಾಷ್ಟ್ರೀಯ ಉದ್ಯಾನ, ಇವುಗಳ ಒಳಗಿನಿಂದ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಏನನ್ನೂ ತರುವಂತಿಲ್ಲ. ಕಿರು ಅರಣ್ಯ ಉತ್ಪನ್ನದ ಹಕ್ಕು 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅರಣ್ಯವಾಸಿಗಳಿಗಿದೆ, ನಮಗೆಲ್ಲರಿಗೂ ಅಲ್ಲ. ಬಿದಿರನ್ನು 2017ರಲ್ಲಿ ಮರದ ವ್ಯಾಖ್ಯೆಯಿಂದ ತೆಗೆದದ್ದು ಅರಣ್ಯದ ಹೊರಗಿನ ಬಿದಿರಿಗೆ ಮಾತ್ರ. ಕಾಡಿನ ಮೆಳೆಯಿಂದ ಕಳಲೆ ಮುರಿದರೆ ತಪ್ಪೇ. ಹಾಗೆ ಮುರಿದರೆ ಮೆಳೆಯೂ ಮೇಲೇಳುವುದಿಲ್ಲ. ನಿಮ್ಮ ಸ್ವಂತ ಜಾಗದಲ್ಲಿ ಒಂದು ಮೆಳೆ ಹಾಕಿಕೊಳ್ಳಿ.

ಹೀಗಾಗಿ ನಿಮ್ಮೆದುರು ಮೂರು ದಾರಿಗಳಿವೆ. ಏನನ್ನೂ ತರದೆ ಸಂತೆಯಲ್ಲಿ ಕೊಳ್ಳುವುದು ಒಂದು. ಅಪಾಯ ಕಡಿಮೆ, ಆದರೆ ಅತ್ತೆಯ ವಿದ್ಯೆ ಅವರೊಂದಿಗೇ ಹೋಗುತ್ತದೆ. ಅದು ನನಗೆ ದೊಡ್ಡ ನಷ್ಟವಾಗಿ ಕಾಣುತ್ತದೆ. ಪುಸ್ತಕ, ಆ್ಯಪ್, ವಿಡಿಯೊ ನೋಡಿ ಸ್ವಂತವಾಗಿ ಕಲಿಯುವುದು ಎರಡನೆಯದು. ಸೊಪ್ಪಿಗೆ ಅಷ್ಟಿಷ್ಟು ನಡೆದೀತು, ಅಣಬೆಗೆ ನಾನು ಒಪ್ಪುವುದಿಲ್ಲ. ಮೂರನೆಯದು ನಿಧಾನದ್ದು. ಈ ಮಳೆಗಾಲದಲ್ಲಿ ನೀವು ಅಗೆದು ತಂದದ್ದನ್ನೆಲ್ಲ ಅತ್ತೆಯ ಮುಂದೆ ಜಗಲಿಯ ಮೇಲೆ ಹರಡಿ. ಬುಡ, ಎಲೆ, ಸಿಕ್ಕ ಜಾಗದ ಫೋಟೋ ಸಮೇತ. ‘ಇದು ಯಾಕೆ ಹೌದು, ಅದು ಯಾಕೆ ಅಲ್ಲ’ ಎಂದು ಕೇಳಿ. ಅವರು ಸಂಶಯಪಟ್ಟದ್ದನ್ನು ನಾಣ್ಯದ ಮುಂದೆ ಒಯ್ಯದೆ ಗೊಬ್ಬರದ ಗುಂಡಿಗೆ ಹಾಕಿ. ಒಂದೇ ಬುಟ್ಟಿಯಲ್ಲಿ ಎರಡು ಬಗೆಯ ಅಣಬೆ ಬೆರೆಸಬೇಡಿ. ಹೊಸದಾಗಿ ತಿನ್ನುವವರು ಮೊದಲ ದಿನ ಎರಡು ತುತ್ತಿಗೆ ನಿಲ್ಲಿಸಲಿ. ಸಾಧುವಾದ ಅಣಬೆಯೂ ಕೆಲವರ ಹೊಟ್ಟೆಗೆ ಆಗುವುದಿಲ್ಲ. ಮಗನಿಗೆ ಕಾಡಣಬೆಯನ್ನು ಒಂದೆರಡು ಮಳೆಗಾಲ ಕಳೆದ ಮೇಲೆ ಕೊಟ್ಟರಾಯಿತು. ತಂದ ದಿನವೇ ಅಡುಗೆ ಮಾಡಿ, ಬೇಯಿಸದ ಒಂದು ಅಣಬೆಯನ್ನು ಕಾಗದದಲ್ಲಿ ಸುತ್ತಿ ಎರಡು ದಿನ ಫ್ರಿಜ್ಜಿನಲ್ಲಿಡಿ. ಪಲ್ಯವಾದ ಮೇಲೆ ಅಣಬೆಯ ಗುರುತು ಹಿಡಿಯುವುದು ನಮಗೂ ಬಹಳ ಕಷ್ಟ. ಆ ಒಂದು ಹಸಿ ಅಣಬೆ ಇದ್ದರೆ ವೈದ್ಯರಿಗೆ ಗಂಟೆಗಳು ಉಳಿಯುತ್ತವೆ.

ಅಕಸ್ಮಾತ್ ಯಾರಿಗಾದರೂ ತೊಂದರೆಯಾದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ಹುಣಸೆಹುಳಿ, ಮಜ್ಜಿಗೆ ಕೊಟ್ಟು ಕಾಯುವುದು ಬೇಡ. ತಿಂದದ್ದು ಎಷ್ಟು ಹೊತ್ತಿಗೆ, ಮೊದಲ ವಾಂತಿ ಎಷ್ಟು ಹೊತ್ತಿಗೆ ಎಂದು ಬರೆದುಕೊಂಡು, ಉಳಿದ ಅಣಬೆ, ಸಿಪ್ಪೆ, ಪಲ್ಯ ಎಲ್ಲವನ್ನೂ ಹಿಡಿದು ಹೊರಡಿ. 108ಕ್ಕೆ ಕರೆ ಮಾಡಿ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117. ನೀವೂ ಕೇಳಬಹುದು, ನಿಮ್ಮೂರಿನ ವೈದ್ಯರೂ ಕೇಳಬಹುದು. ತಿಂದು ಆರು ಗಂಟೆ ಕಳೆದ ಮೇಲೆ ವಾಂತಿ ಶುರುವಾಗಿದ್ದರೆ ಅದನ್ನು ಮೊದಲ ಮಾತಾಗಿ ಹೇಳಿ. ಬೇಗ ವಾಂತಿಯಾಯಿತು, ಹಾಗಾದರೆ ಹಗುರದ ವಿಷ ಎಂದುಕೊಳ್ಳಲೂ ಬೇಡಿ. ಎರಡು ಬಗೆ ಬೆರೆತಿರಬಹುದು. ಜೊತೆಗೆ ಊಟ ಮಾಡಿದವರೆಲ್ಲರೂ, ಏನೂ ಆಗದಿದ್ದರೂ, ತೋರಿಸಿಕೊಳ್ಳಬೇಕು. ವಾಂತಿ ನಿಂತಿತೆಂದು ಮನೆಗೆ ಕರೆದುಕೊಂಡು ಬರುವ ಮೊದಲು ಪಿತ್ತಜನಕಾಂಗದ ರಕ್ತಪರೀಕ್ಷೆ ಆಗಿದೆಯೇ, ಮರುದಿನ ಮತ್ತೆ ಮಾಡಿಸಬೇಕೇ ಎಂದು ಕೇಳಿ.

ಮಗನನ್ನು ಖಂಡಿತ ಕರೆದುಕೊಂಡು ಹೋಗಿ. ಅವನಿಗೆ ಒಂದೇ ಕಟ್ಟಳೆ ಸಾಕು: ಅಜ್ಜಿಗೆ ತೋರಿಸುವವರೆಗೆ ಏನೂ ಬಾಯಿಗೆ ಹೋಗಬಾರದು, ಬೆರಳೂ ಸಹ. ಅವನ ವಯಸ್ಸಿನವರನ್ನು ಸೆಳೆಯುವುದು ಅಣಬೆಗಿಂತ ಹೆಚ್ಚಾಗಿ ಬೀಜಗಳು. ಕಾಡುಹರಳು, ಅಂದರೆ ಜಟ್ರೋಫಾದ ಬೀಜ ಶೇಂಗಾದಂತೆ ರುಚಿಯಿರುವುದರಿಂದ ಶಾಲೆಯ ಮಕ್ಕಳು ಗುಂಪಾಗಿ ತಿಂದು ಆಸ್ಪತ್ರೆ ಸೇರಿದ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಗುಲಗಂಜಿ, ದತ್ತೂರದ ಕಾಯಿ, ಹಳದಿ ಕಣಗಿಲೆ, ಇವಿಷ್ಟನ್ನು ಮೊದಲು ತೋರಿಸಿ. ಆಮೇಲೆ ನೇರಳೆ, ಕೌಳಿ, ಮುರುಗಲು, ಹಲಗೆ ಹಣ್ಣುಗಳ ಸರದಿ. ಆ ಹಣ್ಣುಗಳ ಕಾಲವೇ ಮಂಗನ ಕಾಯಿಲೆಯ ಕಾಲವೂ ಹೌದು, ಡಿಸೆಂಬರ್‌ನಿಂದ ಮೇವರೆಗೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ, ಉಣುಗು ಕಚ್ಚಿ ಹರಡುವ ಈ ರೋಗ ನಿಮ್ಮ ತಾಲ್ಲೂಕಿಗೆ ಹೊಸದಲ್ಲ. ಆ ತಿಂಗಳುಗಳಲ್ಲಿ ಬೆಟ್ಟಕ್ಕೆ ಹೋಗುವುದಾದರೆ ತುಂಬುತೋಳಿನ ಬಟ್ಟೆ ಹಾಕಿಸಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಹಚ್ಚಿ, ಮನೆಗೆ ಬಂದ ತಕ್ಷಣ ಬಿಸಿನೀರಿನ ಸ್ನಾನ ಮಾಡಿಸಿ ಕಿವಿಯ ಹಿಂದೆ, ಕಂಕುಳಲ್ಲಿ ಉಣುಗು ಕಚ್ಚಿದೆಯೇ ನೋಡಿ. ಸತ್ತ ಮಂಗ ಕಂಡ ಕಡೆಗೆ ಆ ವರ್ಷ ಹೋಗಬೇಡಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮಳೆಗಾಲದಲ್ಲಿ ತರಗೆಲೆಯೊಳಗೆ ಕೈ ಹಾಕುವ ಮೊದಲು ಕೋಲಿನಿಂದ ಕೆದಕುವುದನ್ನು ಅವನಿಗೆ ಮೊದಲ ದಿನವೇ ರೂಢಿ ಮಾಡಿಸಿ.